ಬಂಗುಡೆಯ ಪುಸ್ತಕ ಓದಿಸಿದ್ದು

ನಿಮ್ಮ ತಂಗಿಗೆ ನಾನು ಪಾಠ ಹೇಳಿಕೊಟ್ಟ ಕತೆ ಕೇಳಿ ಕಾರ್ಕಳದಲ್ಲಿ ನೀವು ಮೊಮ್ಮಕ್ಕಳೆಲ್ಲ ನಗುತ್ತೀರಂತೆ. ನೀವು ಕೇಳಿದ್ದು ಅರ್ಧ. ಬಾಯಲ್ಲಿ ಹೇಳಲು ನನಗೆ ನಾಚಿಕೆ, ಆದ್ದರಿಂದ ಪೂರ್ತಿ ಬರೆದಿಡುತ್ತೇನೆ.

ಅವಳು ಆಗ ಕಾಪುವಿನ ಶಾಲೆಯಲ್ಲಿ ನಾಲ್ಕನೆಯ ತರಗತಿ. ಒಂದು ದಿನ ಟೀಚರ್ ಡೈರಿಯಲ್ಲಿ ಬರೆದು ಕಳುಹಿಸಿದರು: ಕತೆ ಚೆನ್ನಾಗಿ ಓದುತ್ತಾಳೆ, ಮಾಹಿತಿಯ ಪುಸ್ತಕ ಕೊಟ್ಟರೆ ಮಾತ್ರ ಓದಿದ್ದು ಏನೆಂದು ಹೇಳಲು ಬರುವುದಿಲ್ಲ. ಹದಿನೈದು ದಿನ ನೋಡುತ್ತೇವೆ; ಆಗದಿದ್ದರೆ ಓದುವ ಪಿರಿಯಡ್‌ಗೆ ಮೂರನೆಯ ತರಗತಿಯಲ್ಲಿ ಕೂರಿಸುತ್ತೇವೆ.

ಮೂರನೆಯ ತರಗತಿಯಲ್ಲಿ ಅವಳ ತಮ್ಮನಿದ್ದ.

"ಅವನ ಪಕ್ಕ ಕೂರಿಸಿದರೆ ನಾನು ಶಾಲೆಗೇ ಹೋಗುವುದಿಲ್ಲ," ಎಂದು ಅವಳು ಊಟ ಬಿಟ್ಟಳು. ತಮ್ಮ ಮಾತ್ರ ತನ್ನ ಬೆಂಚಿನಲ್ಲಿ ಜಾಗ ಉಂಟೆಂದು ಬಹಳ ಉದಾರವಾಗಿ ಹೇಳಿದ.

ಅವಳ ಅಮ್ಮ, ನನ್ನ ಸೊಸೆ, ಮಣಿಪಾಲದ ಕೆಲಸಕ್ಕೆ ಬೆಳಿಗ್ಗೆಯೇ ಬಸ್ಸು ಹಿಡಿಯುವವಳು. ಮಗ ಮೀನಿನ ಬೋಟಿಗೆ ಹೋದರೆ ವಾರ ಕಳೆದೇ ಬರುವುದು. ಹೀಗೆ ಜವಾಬ್ದಾರಿ ನನ್ನ ತಲೆಗೆ ಬಂತು. ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಕಲಿತ ನನಗೆ ಓದಿನಲ್ಲಿ ಒಳ್ಳೆಯ ಹೆಸರಿತ್ತು. ಆಟಿ ತಿಂಗಳ ಮಳೆಗೆ ದೋಣಿಗಳೆಲ್ಲ ದಡದಲ್ಲಿರುವಾಗ ಭಜನಾ ಮಂದಿರದಲ್ಲಿ ಪುರಾಣ ಓದಲು ನನ್ನನ್ನೇ ಕೂರಿಸುತ್ತಿದ್ದರು. ಮಾತನಾಡಲು ನಾಚುತ್ತಿದ್ದ ನನಗೆ ಬೇರೆಯವರ ಮಾತನ್ನು ಓದಲು ನಾಚಿಕೆ ಇರಲಿಲ್ಲ. ಕೈಕಾಲು ತೊಳೆದು, ಚಾಪೆ ಹಾಸಿ, ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುವುದು. ಓದಿದವರಿಗೂ ಕೇಳಿದವರಿಗೂ ಪುಣ್ಯ. ಅರ್ಥವೇನೆಂದು ಕೇಳಿ ಆ ಪುಣ್ಯವನ್ನು ಯಾರೂ ಹಾಳು ಮಾಡುತ್ತಿರಲಿಲ್ಲ.

ಮೊಮ್ಮಗಳಿಗೂ ಹಾಗೆಯೇ ಕಲಿಸಿದೆ. ಶಾಲೆಯವರು ಕೊಟ್ಟದ್ದು ಬಂಗುಡೆ ಮೀನಿನ ಬಗ್ಗೆ ಒಂದು ತೆಳ್ಳಗಿನ ಪುಸ್ತಕ. ರಟ್ಟಿನಿಂದ ಹಿಡಿದು ಮುದ್ರಣಾಲಯದ ವಿಳಾಸದವರೆಗೆ ಓದಿಸಿದೆ. ಮೊದಲೇ ಚಿತ್ರ ನೋಡಲು ಹೋದರೆ ಕೈಗೆ ಮೆಲ್ಲಗೆ ಒಂದು ಏಟು. ವಾರದಲ್ಲಿ ಇಡೀ ಪುಸ್ತಕ ಬಾಯಿಪಾಠವಾಯಿತು.

ಟೀಚರ್ ಅವಳನ್ನು ನಿಲ್ಲಿಸಿ, ಬಂಗುಡೆ ಏನು ತಿನ್ನುತ್ತದೆ ಎಂದು ಕೇಳಿದರಂತೆ. ಇವಳು ಮೊದಲ ಪುಟದಿಂದ ಶುರು ಮಾಡಿದಳಂತೆ. ನಡುವೆ ತಡೆದರೆ ಮತ್ತೆ ಮೊದಲ ಪುಟ.

ಮರುದಿನ ನನಗೇ ಕರೆ ಬಂತು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತೆ. ಟೀಚರ್ ಅದೇ ಪುಸ್ತಕ ಕೊಟ್ಟು, "ಅಮ್ಮ, ನೀವೇ ಒಂದು ಪುಟ ಓದಿ," ಎಂದರು. ಓದಿದೆ. ಗಂಟಲು ತಾನಾಗಿಯೇ ಪುರಾಣದ ರಾಗಕ್ಕೆ ಹೋಯಿತು. ಮಕ್ಕಳೆಲ್ಲ ಸುಮ್ಮನೆ ಕೇಳಿದರು.

"ಚೆನ್ನಾಗಿ ಓದಿದಿರಿ. ಈಗ ಹೇಳಿ, ಇದರಲ್ಲಿ ಎಂತ ಉಂಟು?"

"ಬಂಗುಡೆ," ಎಂದೆ.

"ಬಂಗುಡೆಯ ವಿಷಯ ಎಂತ ಉಂಟು?"

ನಲವತ್ತು ವರ್ಷ ಬುಟ್ಟಿಯಲ್ಲಿ ಬಂಗುಡೆ ಹೊತ್ತು ಮಾರಿದ ನಾನು ಪುಸ್ತಕವನ್ನು ಮತ್ತೆ ಮೊದಲ ಪುಟಕ್ಕೆ ತಿರುಗಿಸಿದೆ.

ದಾರಿಯಲ್ಲಿ ಮೊಮ್ಮಗಳು ಬಹಳ ಖುಷಿಯಲ್ಲಿದ್ದಳು. "ಅಜ್ಜಿ, ನಿಮ್ಮನ್ನೂ ಮೂರನೆಯ ಕ್ಲಾಸಿಗೆ ಹಾಕ್ತಾರೆ, ಅಲ್ವಾ?"

"ಹಾಕಲಿ ಮಾರಾಯ್ತಿ. ನಾವಿಬ್ಬರೂ ಒಟ್ಟಿಗೆ ಹೋಗುವ."

ಅವಳ ನಗು ಅಲ್ಲಿಗೇ ನಿಂತಿತು. ಇನ್ನು ಆರು ದಿನ ಉಳಿದಿತ್ತು.

ಟೀಚರ್ ನನಗೊಂದು ದಾರಿ ಹೇಳಿದ್ದರು. ಗೊತ್ತಿರುವುದನ್ನು ಮೊದಲು ಮಾತಾಡಿಕೊಳ್ಳಬೇಕು, ಗೊತ್ತಿಲ್ಲದ್ದನ್ನು ಪ್ರಶ್ನೆ ಮಾಡಿಕೊಳ್ಳಬೇಕು, ಆಮೇಲೆ ಚಿತ್ರ, ತಲೆಬರಹ ನೋಡಿ ಉತ್ತರ ಇರುವ ಕಡೆಗೆ ನೇರ ಹೋಗಬೇಕು. ಪುಸ್ತಕವನ್ನು ನಡುವಿನಿಂದ ಓದುವುದು ನನಗೆ ಪಾಪದ ಕೆಲಸವೆಂದೇ ಅನಿಸಿತು. ಆದರೂ ಮೂರನೆಯ ತರಗತಿಯನ್ನು ನೆನೆದು ಒಪ್ಪಿದೆ.

ಮರುದಿನ ಮೀನು ಕೊಯ್ಯುತ್ತಾ, ಬಂಗುಡೆಯ ಕಿವಿರು ಎತ್ತಿ ತೋರಿಸಿದೆ. "ನೋಡು, ಕೆಂಪಿದ್ದರೆ ತಾಜಾ ಮೀನು. ನನಗೆ ಗೊತ್ತಿರುವುದು ಇಷ್ಟೇ."

"ಒಳಗೆ ಬಾಚಣಿಗೆಯ ಹಾಗೆ ಉಂಟಲ್ಲ, ಅದು ಎಂತದಕ್ಕೆ?"

"ಅದು ಹಾಗೇ ಇರ್ತದೆ."

"ಹಾಗೇ ಯಾಕೆ ಇರ್ತದೆ?" ಎಂದು ಅವಳು ಪುಸ್ತಕ ತಂದಳು. ಪುಟ ಹಾರಿಸಿ ಹಾರಿಸಿ ಕಿವಿರಿನ ಚಿತ್ರ ಹುಡುಕಿದಳು. ಬಾಯಿಗೆ ಬಂದ ನೀರು ಕಿವಿರಿನಿಂದ ಹೊರಗೆ ಹೋಗುವಾಗ ಆ ಬಾಚಣಿಗೆ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ಹಿಡಿಯುತ್ತದಂತೆ; ಬಂಗುಡೆಯ ಊಟ ಅದೇ. ಅವಳು ಬಾಯಿಪಾಠ ಒಪ್ಪಿಸುತ್ತಿದ್ದುದರಲ್ಲಿ ಆ ಮಾತೂ ಇತ್ತು. ನಾನಂತೂ ಅದೇ ಕಿವಿರನ್ನು ನಲವತ್ತು ವರ್ಷ ಗಿರಾಕಿಗಳಿಗೆ ಎತ್ತಿ ತೋರಿಸಿದ್ದೆ.

ಹದಿನೈದನೆಯ ದಿನ ನಾನು ತರಗತಿಯ ಕಿಟಕಿಯ ಹೊರಗೆ ನಿಂತೆ. ಟೀಚರ್ ಬಂಗುಡೆಯ ಪುಸ್ತಕ ಕೊಡಲೇ ಇಲ್ಲ. ಅವಳು ಕಾಣದ ಇನ್ನೊಂದು ಪುಸ್ತಕ, ಕಲ್ಲುಗಳ ಬಗ್ಗೆ. ಒಂದು ಪುಟ ಓದಿ ಹೇಳು ಎಂದರು. ಅವಳು ಚಿತ್ರ ನೋಡಿದಳು, ನಡುವಿನ ಒಂದು ಪುಟ ತೆರೆದಳು, ಬಾಯಿ ಮುಚ್ಚಿ ಕೂತಳು. ಸದ್ದೇ ಇಲ್ಲ. ನನ್ನ ಪ್ರಕಾರ ಬಾಯಿ ಮುಚ್ಚಿದ ಮಗು ಓದುತ್ತಿಲ್ಲ. ಎಲ್ಲ ಮುಗಿಯಿತೆಂದುಕೊಂಡು ಸರಳಿಗೆ ಮುಖ ಒತ್ತಿ ಪಿಸುಗುಟ್ಟಿದೆ, "ಗಟ್ಟಿಯಾಗಿ ಓದು ಮಗಾ."

ಅವಳು ತಲೆ ಎತ್ತದೆ, ಸುಮ್ಮನಿರಿ ಎಂದು ನನ್ನ ಕಡೆ ಅಂಗೈ ತೋರಿಸಿದಳು. ಆಮೇಲೆ ಪುಸ್ತಕ ಮಡಚಿದಳು.

"ಈ ಕಲ್ಲು ಮೊದಲು ಭೂಮಿಯ ಒಳಗೆ ಗಂಜಿಯ ಹಾಗೆ ಬಿಸಿಯಾಗಿತ್ತು ಟೀಚರ್. ಮೆಲ್ಲ ಮೆಲ್ಲ ತಣಿದು ಗಟ್ಟಿಯಾಯಿತು."

"ಗಂಜಿ ಅಂತ ಪುಸ್ತಕದಲ್ಲಿ ಉಂಟಾ?"

"ಇಲ್ಲ. ಅದು ನಾನು ಹೇಳಿದ್ದು."

ಟೀಚರ್ ಪುಸ್ತಕ ತೆಗೆದುಕೊಂಡು, ಹೋಗಿ ನಿನ್ನ ಬೆಂಚಿನಲ್ಲೇ ಕೂತುಕೋ ಎಂದರು.