ಹೆಸರು ಕೇಳದ ಪಂಕ್ತಿ

ಅವರ ಬಲ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಐವತ್ತು ವರ್ಷ ಜೋಳದ ರೊಟ್ಟಿ ಬಡಿದು ಬಡಿದು ಆಯುಷ್ಯ, ವಿದ್ಯೆ, ಸಂತಾನ ಎಲ್ಲವೂ ಸವೆದು ಹೋಗಿದ್ದವು. ನಮ್ಮ ನಿಗಡಿಯ ಗುಡಿಗೆ ಒಮ್ಮೆ ಬಂದ ಜ್ಯೋತಿಷಿಯೊಬ್ಬರು ಆ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಇನ್ನೊಂದು ರೊಟ್ಟಿಗೆ ಬೆಣ್ಣೆ ಕೇಳಿದರು.

ಧಾರವಾಡ, ಬೆಳಗಾವಿಯ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ನಮ್ಮಂಥವರು ಸೇರಿ ಕಟ್ಟಿದ ಆ ಗುಡಿಯಲ್ಲಿ ಅಡುಗೆಮನೆ ಅವರದು. ಎಲ್ಲರೂ ಅವರನ್ನು ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವರಿಗಿಂತ ಹಿರಿಯರಾದ ನಮ್ಮ ಅಧ್ಯಕ್ಷರೂ ಹಾಗೇ. ನಾನು ಗುಡಿಯ ಕಾರ್ಯದರ್ಶಿ. ಮೂವತ್ತು ವರ್ಷ ಕಡತಗಳ ಸೇವೆ ಮಾಡಿ ನಿವೃತ್ತನಾದವನಿಗೆ ದೇವರ ಸೇವೆ ಹಗುರವೇ ಎನಿಸಿತ್ತು.

ಕ್ಷಯರೋಗಿಗಳಿಗೆ ನೆರವಾಗುವ ಸಂಸ್ಥೆಯೊಂದರ ಸಿಸ್ಟರ್ ಒಂದು ದಿನ ನಮ್ಮಲ್ಲಿಗೆ ಬಂದರು. ಅಕ್ಕಪಕ್ಕದ ಬಾಡಿಗೆ ಖೋಲಿಗಳಲ್ಲಿದ್ದು ಭೋಸರಿಯ ಕಾರ್ಖಾನೆಗಳಿಗೆ ಹೋಗುವ ಹುಡುಗರಲ್ಲಿ ಕೆಲವರಿಗೆ ಈ ರೋಗ. ಗುಳಿಗೆ ಪುಕ್ಕಟೆ ಸಿಗುತ್ತದೆ, ಆದರೆ ಖಾಲಿ ಹೊಟ್ಟೆಗೆ ದಕ್ಕುವುದಿಲ್ಲ. ಲೇಥ್ ಯಂತ್ರದ ಮೇಲೆ ಕೆಲಸ ಮಾಡುವ ಒಬ್ಬನಂತೂ ವಾಂತಿಗೆ ಹೆದರಿ ಗುಳಿಗೆಯನ್ನೇ ಬಿಟ್ಟಿದ್ದಾನೆ. ಹೀಗೇ ಬಿಟ್ಟರೆ ಉಳಿಯುವುದಿಲ್ಲ. ಗುಡಿಯಿಂದ ದಿನಾ ಬೆಳಿಗ್ಗೆ ಊಟ ಸಿಕ್ಕೀತೇ?

ಸಮಿತಿ ಮೂರು ಸಭೆ ಕೂಡಿ ಯೋಚಿಸುವಷ್ಟರಲ್ಲಿ ಕಾಕು ಹಿಟ್ಟು ನಾದಿದ್ದರು. ಒಂದೊಂದು ತತ್ತಿ ಕೊಟ್ಟರೆ ಒಳ್ಳೆಯದು ಎಂದು ಸಿಸ್ಟರ್ ಅಂದಾಗ ಮಾತ್ರ ಕೈ ನಿಂತಿತು.

“ಶೇಂಗಾ ಹಿಂಡಿ ಅದ, ಹೆಸರಕಾಳ ಅದ, ಮೊಸರ ಅದ. ತತ್ತಿ ನಿಮ್ಮ ಆಫೀಸಿನ್ಯಾಗ ಕುದಿಸಿ ಕೊಡ್ರಿ ಸಿಸ್ಟರ್. ನನಗ ಹೇಳಬ್ಯಾಡ್ರಿ, ನಾ ಕೇಳೂದಿಲ್ಲ.”

ನನ್ನ ಪಾಲಿಗೆ ಬಂದದ್ದು ಫಲಕ. ಕನ್ನಡ, ಮರಾಠಿ ಎರಡರಲ್ಲೂ ದಪ್ಪಕ್ಷರದಲ್ಲಿ ಬರೆಸಿದೆ: ‘ಕ್ಷಯರೋಗಿಗಳಿಗೆ ಉಚಿತ ಭೋಜನ. ಹೆಸರು, ವಿಳಾಸ ಬರೆಯಿಸಿ ಒಳಗೆ ಬರತಕ್ಕದ್ದು.’ ‘ತಕ್ಕದ್ದು’ ಇಲ್ಲದೆ ಫಲಕಕ್ಕೆ ಗಾಂಭೀರ್ಯ ಬರುವುದಿಲ್ಲವೆಂಬುದು ನನ್ನ ದೀರ್ಘ ಅನುಭವ. ದಪ್ಪ ರಿಜಿಸ್ಟರಿಗೆ ಗೆರೆ ಹಾಕಿಕೊಂಡು ಬಾಗಿಲಲ್ಲಿ ಕುಳಿತೆ. ಮೂರು ದಿನ ಕುಳಿತೆ. ಒಂದು ನರಪಿಳ್ಳೆಯೂ ಬರಲಿಲ್ಲ. ನಾಲ್ಕನೆಯ ದಿನ ಫಲಕವೂ ಇರಲಿಲ್ಲ.

ಕಾಕು ಅದನ್ನು ಅಡುಗೆಮನೆಯಲ್ಲಿ ಬೋರಲು ಹಾಕಿ, ಬಟ್ಟೆ ಹಾಸಿ, ಮೇಲೆ ರೊಟ್ಟಿ ಆರಲು ಹರಡಿದ್ದರು.

“ಕಾಕು, ಅದು ಸಮಿತಿ ಠರಾವು ಮಾಡಿ ಬರಸಿದ್ದ ಬೋರ್ಡರಿ!”

“ಹೌದ್ರಿ, ಭಾಳ ಛಲೋ ಹಲಗಿ ಅದ. ನಿಮ್ಮ ಮನ್ಯಾಗ ಮಗಳ ಲಗ್ನದ ಮಾತುಕತಿ ನಡದದಲ್ಲ? ಈ ಬ್ಯಾನಿ ನಿಮಗ ಬಂದಿದ್ರ, ಈ ಬೋರ್ಡಿನ ಕೆಳಗ ಬಂದು ನಿಂದರತಿದ್ರೇನು ಸೆಕ್ರೆಟರಿ ಸಾಹೇಬ್ರ?”

ಕಾರ್ಯದರ್ಶಿ ಕಂಕುಳಲ್ಲಿದ್ದ ರಿಜಿಸ್ಟರನ್ನು ಕೆಳಗಿಟ್ಟ. ಕಾಕು ಮುಂದುವರಿಸಿದರು.

“ಖೋಲಿ ಮಾಲಕಗ ಗೊತ್ತಾದ್ರ ಹಾಸಿಗಿ ಹೊರಗ ಒಗೀತಾನ್ರಿ. ಪ್ರಸಾದ ಅಂತ ಇಟ್ಟಬಿಡೂಣು. ಯಾರರ ಬರ್ಲಿ. ಪ್ರಸಾದಕ್ಕ ಹೆಸರ ಕೇಳತಾರೇನು?”

ಮರುದಿನದಿಂದ ಪಂಕ್ತಿ ಶುರುವಾಯಿತು. ಸಿಸ್ಟರ್ ಹೇಳಿದಂತೆ ಹೊರಗಿನ ಕಟ್ಟೆಯ ಮೇಲೆ, ಬಯಲು ಗಾಳಿಯಲ್ಲಿ. ಗುಳಿಗೆಯವರು, ಪಾಳಿ ಮುಗಿಸಿ ಬಂದ ಗಟ್ಟಿಮುಟ್ಟಾದವರು, ನಿಯಮಿತವಾಗಿ ಎರಡು ಸಲ ಉಣ್ಣುವ ರಿಕ್ಷಾದವರೊಬ್ಬರು, ಎಲ್ಲರಿಗೂ ಒಂದೇ ಸಾಲು. ಸಿಸ್ಟರ್ ಕೂಡ ನಡುವೆ ಕುಳಿತು ಉಣ್ಣುತ್ತಿದ್ದರು. ಯಾರು ಬಂದರು, ಯಾರು ತಪ್ಪಿಸಿದರು ಎಂಬುದು ಅವರ ಕಣ್ಣಿಗೆ ಮಾತ್ರ ಗೊತ್ತು. ಹೆಸರುಗಳು ಅವರ ಸಂಸ್ಥೆಯ ಕಪಾಟಿನಲ್ಲೇ ಉಳಿದವು. ಗುಡಿಯ ವರದಿಯ ‘ಫಲಾನುಭವಿಗಳು’ ಎಂಬ ಕಾಲಮ್ಮಿನಲ್ಲಿ ನಾನು, ಮನಸ್ಸು ಗಟ್ಟಿ ಮಾಡಿಕೊಂಡು, ‘ಹಸಿದವರು’ ಎಂದಷ್ಟೇ ಬರೆದೆ.

ಏಳನೆಯ ತಿಂಗಳು ಒಂದು ಬೆಳಿಗ್ಗೆ ಸಿಸ್ಟರ್ ಅಡುಗೆಮನೆಗೇ ಓಡಿ ಬಂದರು. ಲೇಥಿನ ಹುಡುಗನ ಗುಳಿಗೆ ಮುಗಿದಿತ್ತು. ರೋಗ ಪೂರ್ತಿ ಹೋಗಿದೆ ಎಂದು ತಪಾಸಣೆಯಲ್ಲಿ ಬಂದಿತ್ತು. ಕಾಕುಗೆ ತಿಳಿಸಲು ಅವನೇ ಹೇಳಿದ್ದನಂತೆ. ಈಗಲೂ ಹೊರಗೆ ಪಂಕ್ತಿಯಲ್ಲೇ ಇದ್ದಾನೆ. “ಕಾಕೂ, ಕೋಣ್ ತೇ ಸಾಂಗೂ ಕಾ?” ಯಾರೆಂದು ಹೇಳಲೇ ಎಂದು ಮರಾಠಿಯಲ್ಲಿ ಕೇಳಿದರು.

ಕಾಕು ಹಂಚಿನ ಮೇಲಿನ ರೊಟ್ಟಿ ತಿರುವಿದರು.

“ಬ್ಯಾಡವಾ. ಗೊತ್ತಾತಂದ್ರ ನಾಳೆ ಅವನ ತಾಟಿಗೆ ನನ್ನ ಕೈ ಜಾಸ್ತಿ ಹೋಗ್ತದ. ಬಾಜೂಕ ಕೂತಂವ ಏನ್ ಪಾಪ ಮಾಡ್ಯಾನ?”

ಆಮೇಲೆ ತುಪ್ಪದ ಡಬ್ಬಿ, ಬೆಲ್ಲ ಹಿಡಿದುಕೊಂಡು ಹೊರಗೆ ಹೋಗಿ ಇಡೀ ಪಂಕ್ತಿಗೆ ಬಡಿಸಿದರು. ರಿಕ್ಷಾದವರಿಗೆ ಎರಡು ಸಲ.

ಕಳೆದ ಚಳಿಗಾಲ ಕಾಕು ಹೋದರು. ಅವರ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಹೆಗಲು ಕೊಡಲು ಸಮಿತಿಯ ಹನ್ನೊಂದು ಜನವೂ ಸಿದ್ಧರಾಗಿ ಬಂದಿದ್ದೆವು. ಆ ಹನ್ನೊಂದು ಜನರಲ್ಲಿ ಕೆಲಸಕ್ಕೆ ಬರುವ ಮೊಣಕಾಲುಗಳು ಒಟ್ಟು ಐದು. ಅಷ್ಟರಲ್ಲಿ ಪಾಳಿ ಬಿಟ್ಟ ಹುಡುಗರು ಕಂಪನಿಯ ನೀಲಿ ಅಂಗಿಯಲ್ಲೇ ಬಂದು, “ಸರೀರಿ ಅಜ್ಜಾರ” ಎಂದು ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿ ಮೇಲೆ ಹತ್ತಿದರು. ಆ ಇಕ್ಕಟ್ಟು ಮೆಟ್ಟಿಲುಗಳಲ್ಲಿ “ಸಾವಕಾಶ, ಗ್ವಾಡಿ ತಾಗೀತು” ಎನ್ನುತ್ತ, ಎಲ್ಲೂ ವಾಲದಂತೆ ಕಾಕುವನ್ನು ಕೆಳಗೆ ತಂದರು.

ಕೆಳಗೆ ಸಿಸ್ಟರ್ ನಿಂತಿದ್ದರು. ಹೊತ್ತವರಲ್ಲಿ ಒಬ್ಬ ಮುಂದೆ ಹಾಯ್ದುಹೋಗುವಾಗ ಅವರ ಕಣ್ಣು ತುಂಬಿತು. ತಕ್ಷಣ ಆಚೆ ತಿರುಗಿ ತಮ್ಮ ಸ್ಕೂಟರಿನ ಕನ್ನಡಿ ಸರಿಪಡಿಸತೊಡಗಿದರು.

ಅವನು ಯಾರು ಎಂದು ನಾನು ಕೇಳಲಿಲ್ಲ. ಕಾಕುವಿಂದ ನಾನು ಕಲಿತದ್ದು ಇಷ್ಟೇ. ಒಬ್ಬ ಕಾರ್ಯದರ್ಶಿಯ ಮಟ್ಟಿಗೆ ಇದೇನು ಸಣ್ಣದಲ್ಲ.