ಗಾಳಿಗೆ ಅಡ್ಡ ಬಂದ ಜಡೆ

ಸ್ವೀಡನ್ನಿನ ಲುಲೆಯೊ ಊರಿನಲ್ಲಿರುವ ಮಗಳ ಮನೆಯಲ್ಲಿ ಇವತ್ತು ಬೆಳಿಗ್ಗೆ ಕಪಾಟು ಕೆದಕುತ್ತಿದ್ದೆ. ಮೊಮ್ಮಗಳು ಅನಘಾ ಶಾಲೆ ಮುಗಿಸಿದ್ದಾಳೆ. ಅದರ ಸಂತೋಷಕ್ಕೆ ಮಧ್ಯಾಹ್ನ ಊಟಕ್ಕೆ ಜನ ಬರುತ್ತಾರೆ. ನನ್ನ ತಲೆಯಲ್ಲಿ ಉಳಿದಿರುವುದಕ್ಕೆ ತುರುಬು ಎನ್ನುವುದು ದೊಡ್ಡ ಮಾತು, ನಿಂಬೆಹಣ್ಣಿನಷ್ಟಾಗುತ್ತದೆ. ಒಳಗೆ ಸೇರಿಸಿ ಸುತ್ತಲು ಏನಾದರೂ ಸಿಕ್ಕೀತೇ ಎಂದು ನೋಡುವಾಗ ಒಂದು ಬಟ್ಟೆಯ ಚೀಲ ಕೈಗೆ ಬಂತು. ಬಿಚ್ಚಿದರೆ ಹಳೆಯ ಕೊಬ್ಬರಿ ಎಣ್ಣೆಯ ವಾಸನೆ. ಒಳಗೊಂದು ಜಡೆ.

ಗಾಬರಿಯಾಗಬೇಡಿ, ಅನಘಾಳದ್ದು. ಕತ್ತರಿಸಿದವಳು ನಾನೇ.

ಆಗ ಅವಳಿನ್ನೂ ಚಿಕ್ಕವಳು. ಇಲ್ಲಿ ಚಳಿಗಾಲಕ್ಕೆ ಸಮುದ್ರವೇ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಮಕ್ಕಳಿಗೆ ಸ್ಕೇಟಿಂಗ್ ಪಂದ್ಯ ಇಡುತ್ತಾರೆ. ನಮ್ಮ ಹುಡುಗಿಗೂ ಅದರ ಹುಚ್ಚು. ಅವಳ ಅಮ್ಮ, ಎಂದರೆ ನನ್ನ ಮಗಳು ಸುಧಾ, ವಿಶ್ವವಿದ್ಯಾಲಯದಲ್ಲಿ ಮಾಡುವುದೂ ಗಾಳಿಯ ಕೆಲಸವೇ. ಕೋಣೆಯಲ್ಲಿ ದೊಡ್ಡ ಫ್ಯಾನು ಬಿಟ್ಟು, ಗೊಂಬೆಗೆ ಆಟಗಾರರ ಬಿಗಿ ಬಟ್ಟೆ ತೊಡಿಸಿ, ಯಾವ ಬಟ್ಟೆಯನ್ನು ಗಾಳಿ ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾಳೆ. ನಾನು ಕಣದಲ್ಲಿ ಮೊರ ಹಿಡಿದು, ರಾಗಿ ತೂರಲು ಗಾಳಿ ಬರಲಿ ಎಂದು ಕಾದವಳು. ಇವಳಿಗೆ ಗಾಳಿ ತಪ್ಪಿಸುವುದಕ್ಕೆ ಸಂಬಳ. ಕೊಡುವವರಿದ್ದಾರೆ, ಕೊಡಲಿ.

ಅನಘಾಳ ಜಡೆ ಸೊಂಟದ ಕೆಳಗಿಳಿಯುತ್ತಿತ್ತು. ಪಂದ್ಯದ ಬಟ್ಟೆಗೆ ಟೋಪಿಯೂ ಸೇರಿಕೊಂಡೇ ಇರುತ್ತದೆ. ಜಡೆ ಅದರೊಳಗೆ ಹೋಗದು. ಸುತ್ತಿ ತುರುಕಿದರೆ ತಲೆಯ ಹಿಂದೆ ತೆಂಗಿನಕಾಯಿ ಕಟ್ಟಿದಂತೆ.

"ಮಮ್ಮಿ, ಕಟ್ ಮಾಡ್ಸು. ಹೊರಗಿದ್ರೆ ಬ್ರೇಕ್ ಹಾಕಿದ್ ಥರ ಅಂತ ಕೋಚ್ ಹೇಳಿದ್ರು."

"ಚಾನ್ಸೇ ಇಲ್ಲ. ಬೇಸಿಗೇಲಿ ಊರಿಗೆ ಹೋದಾಗ ಮೊಗ್ಗಿನ ಜಡೆ ಹಾಕ್ಸಿ ಫೋಟೋ ತೆಗೆಸ್ಬೇಕು. ನಂಗಂತೂ ಆ ಭಾಗ್ಯ ಇರ್ಲಿಲ್ಲ. ಹೇನು ಅಂತ ಅಮ್ಮ ತಲೇನೇ ಬೋಳಿಸ್ಬಿಟ್ಲು."

"ಹೇನಿತ್ತು, ಬೋಳಿಸ್ದೆ," ಎಂದೆ ನಾನು.

ಅನಘಾ ಅಮ್ಮನನ್ನೇ ನೋಡುತ್ತಾ ಕೇಳಿದಳು, "ನಿನ್ ಗೊಂಬೆಗೆ ಜಡೆ ಇದ್ಯಾ ಮಮ್ಮಿ?"

ಸುಧಾ ಎದ್ದು ಪಾತ್ರೆ ತೊಳೆಯಲು ಹೋದಳು. ಮಾತು ತನ್ನ ಕಡೆ ತಿರುಗಿದರೆ ಅವಳಿಗೆ ಪಾತ್ರೆಯ ನೆನಪಾಗುತ್ತದೆ.

ಪಂದ್ಯದ ದಿನ ನಾನೊಂದು ಉಪಾಯ ಮಾಡಿದೆ. ಜಡೆ ಹಾರಾಡಿದರೆ ತಾನೇ ತೊಂದರೆ? ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕೈ ತುಂಬ ಸುರಿದು ಬಿಗಿಯಾಗಿ ಹೆಣೆದೆ. ನಮ್ಮೂರಿನಲ್ಲಾದರೆ ಬೆನ್ನಿಗೆ ಅಂಟಿಕೊಂಡು ಕೂರುತ್ತಿತ್ತು. ಇಲ್ಲಿ ಹೊರಗೆ ಹೆಜ್ಜೆ ಇಟ್ಟದ್ದೇ ಎಣ್ಣೆ ಮೇಣದಂತೆ ಗಟ್ಟಿಯಾಯಿತು, ಜಡೆ ಒನಕೆಯಾಯಿತು. ಹುಡುಗಿ ಬಗ್ಗಿ ಓಡುವಾಗ ಅದು ಸೆಟೆದು ಪಕ್ಕಕ್ಕೆ ನಿಂತಿತ್ತು, ಬಾಣಲೆಯ ಹಿಡಿಯ ಹಾಗೆ. ಹಾರಾಡಲಿಲ್ಲ, ನಿಜ. ಸುಧಾ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅನಘಾ ಕೊನೆಯವಳಾಗಿ ಬಂದಳು.

ಆಮೇಲೆ ಎಲ್ಲರೂ ಫಿಕಾಕ್ಕೆ ಕುಳಿತರು. ಕಾಫಿಯ ಜೊತೆ ದಾಲ್ಚಿನ್ನಿ ಬನ್ನು. ಇಲ್ಲಿನವರು ಸೋತರೂ ಗೆದ್ದರೂ ಅದನ್ನು ಬಿಡುವುದಿಲ್ಲ. ಅನಘಾ ಮುಟ್ಟಲಿಲ್ಲ. ಬನ್ನು ಬೇಡವೆನ್ನುವ ಮಗುವಲ್ಲ ಅದು.

ಮನೆಗೆ ಬಂದು ಸುಧಾಳನ್ನು ಕೂರಿಸಿಕೊಂಡು ಹೇಳಿದೆ, "ನಿಂಗೆ ಬೇಕಾಗಿರೋದು ಫೋಟೋ. ಅವಳಿಗೆ ಬೇಕಾಗಿರೋದು ಓಡೋದು. ಜಡೆ ಕತ್ತರಿಸಿ ಎತ್ತಿಡೋಣ. ಬೇಸಿಗೇಲಿ ಅದನ್ನೇ ಚೌರಿ ಮಾಡಿ ಕಟ್ಟಿ ಮೊಗ್ಗು ಹೆಣೆದ್ರಾಯ್ತು. ಫೋಟೋಗೇನು ಗೊತ್ತಾಗುತ್ತೆ?"

"ಅದು ಮೋಸ ಅಲ್ವಾ ಅಮ್ಮಾ?"

"ಅವಳದೇ ಕೂದ್ಲು. ಯಾರಿಗೆ ಮೋಸ?"

ಸುಧಾ ಕತ್ತರಿ ತಂದುಕೊಟ್ಟು ಪಾತ್ರೆ ತೊಳೆಯಲು ಹೋದಳು. ನಾನು ಎರಡೂ ತುದಿಗೆ ದಾರ ಬಿಗಿದು ಕತ್ತರಿಸಿದೆ. ಅನಘಾ ತಲೆಯನ್ನು ಆ ಕಡೆ ಈ ಕಡೆ ಒದರಿ, "ಅಜ್ಜೀ, ತಲೆ ಇದ್ಯೋ ಇಲ್ವೋ ಗೊತ್ತೇ ಆಗ್ತಿಲ್ಲ!" ಎಂದಳು.

ಮುಂದಿನ ಪಂದ್ಯದಲ್ಲಿ ಇಬ್ಬರನ್ನು ಹಿಂದೆ ಹಾಕಿದಳು. ಎಲ್ಲ ಗಾಳಿಯ ಲೆಕ್ಕ ಎಂದಳು ಸುಧಾ. ಹಿಂದಿನ ಸಲದ ಸಿಟ್ಟೂ ತಳ್ಳಿರಬೇಕು ಎಂದುಕೊಂಡೆ ನಾನು. ಬೇಸಿಗೆಯಲ್ಲಿ ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ ಫೋಟೋ ತೆಗೆಸಿದೆವು. ಅದು ಈಗಲೂ ಇಲ್ಲಿನ ಗೋಡೆಯ ಮೇಲಿದೆ. ನೆಂಟರೆಲ್ಲ ಎಂಥ ಕೂದಲು ಎನ್ನುತ್ತಾರೆ. ಹೌದು ಎನ್ನುತ್ತೇವೆ.

ಜಡೆಯನ್ನು ಚೀಲಕ್ಕೆ ಹಾಕಿದವಳು ಮತ್ತೆ ತೆಗೆದೆ. ನನ್ನ ಬಿಳಿ ಕೂದಲ ಒಳಗೆ ಸುತ್ತಿ ಪಿನ್ನು ಚುಚ್ಚಿದೆ. ಕತ್ತಿನ ಮೇಲೆ ಎಷ್ಟೋ ವರ್ಷದಿಂದ ಇಲ್ಲದ ಭಾರ ಬಂದು ಕೂತಿತು. ಅಷ್ಟರಲ್ಲಿ ಮೋಟು ಕೂದಲಿನ ಅನಘಾ ಸೈಕಲ್ಲಿಂದಿಳಿದು ಒಳಗೆ ಬಂದು ನನ್ನ ಹಿಂದೆ ನಿಂತಳು.

"ವಾವ್, ಅಜ್ಜಿ! ಇಷ್ಟು ದಪ್ಪ ತುರುಬು ಎಲ್ಲಿಂದ ಬಂತು?"

"ನಿಂದೇ ಕಣೇ," ಎಂದೆ.