ಕಾಳು ಹಿದುಕದ ಬೆರಳು

೧೯೯೬ರಲ್ಲಿ ಏಳನೇ ಕ್ಲಾಸಿಗೆ ನಾನು ಓದು ಬಿಟ್ಟೆ. ಯಾರೂ ಬಿಡಿಸಿದ್ದಲ್ಲ. "ದುಡ್ಕೊಂಡು ತಿಂತೀನಿ, ಇನ್ನೊಂದ್ಸಲ ಸ್ಕೂಲು ಅನ್ಬೇಡಿ" ಎಂದು ಅಪ್ಪನ ಮುಂದೆ ಎದೆಯುಬ್ಬಿಸಿ ಹೇಳಿ, ವಿದ್ಯಾರಣ್ಯಪುರಂನಲ್ಲಿ ಗೇಟು ಮಾಡುವ ಶೆಡ್ಡಿಗೆ ಸೇರಿಕೊಂಡೆ. ಬೆಸುಗೆ ಹಾಕಿದ ಕಬ್ಬಿಣವನ್ನು ಗ್ರೈಂಡರ್ ಹಿಡಿದು ನುಣುಪು ಮಾಡುವ ಕೆಲಸ. ಮಿಷನ್ನು ಆರಿಸಿದ ಮೇಲೂ ಕೈಯೊಳಗೆ ಅದು ಗುಂಯ್ ಎನ್ನುತ್ತಲೇ ಇರುತ್ತಿತ್ತು.

ಎರಡನೇ ಚಳಿಗಾಲಕ್ಕೆ ಬಲಗೈಯ ಮೂರು ಬೆರಳು ಬೆಳಿಗ್ಗೆ ಹೊತ್ತು ಬೆಳ್ಳಗಾಗತೊಡಗಿದವು. ಗೋಲಿ ಚಿಮ್ಮುವ ನಡುಬೆರಳೂ ಅದರಲ್ಲಿತ್ತು. ಗುರಿ ತಪ್ಪಿದಾಗ ಹುಡುಗರು ನಕ್ಕರು, ಆಟವನ್ನೇ ಬಿಟ್ಟೆ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅಪ್ಪ ಏನು ಕೇಳುತ್ತಾರೆಂದು ಗೊತ್ತಿತ್ತು.

ಆಗೆಲ್ಲ ಅವರೆಕಾಯಿ ಕಾಲದ ಭಾನುವಾರ ಎಂದರೆ ಮನೆಮಂದಿಯೆಲ್ಲ ಒಂದೇ ಪಾತ್ರೆಯ ಸುತ್ತ. ರಾತ್ರಿ ನೆನೆಸಿಟ್ಟ ಕಾಳನ್ನು ಹಿದುಕಿದರೆ ಬೇಳೆ ಪಿಚಕ್ಕನೆ ಚಿಮ್ಮುತ್ತಿತ್ತು. ಕೈಗೆಲ್ಲ ಸೊಗಡಿನ ವಾಸನೆ. ಅಂಥ ಒಂದು ಭಾನುವಾರ ತಣ್ಣೀರಿಗೆ ಕೈಯಿಟ್ಟ ಸ್ವಲ್ಪ ಹೊತ್ತಿಗೇ ಬೆರಳು ಜೀವ ಬಿಟ್ಟವು. ಕಾಳು ಕೈಯಲ್ಲಿದೆಯೋ ಜಾರಿತೋ ತಿಳಿಯದು.

ಅಮ್ಮ ನೋಡಿದಳು. "ಪೂಜೆ ಮಾಡ್ಬುಟ್ಟು ಇಬೂತಿ ಕೈಯಲ್ಲೇ ಬಂದ್ಬುಟ್ಯೇನೋ? ತೊಳ್ಕೊಂಡ್ ಬಾ."

ನಾವು ವಿಭೂತಿ ಬಳಿದುಕೊಳ್ಳುವುದೂ ಆ ಮೂರು ಬೆರಳಲ್ಲೇ. "ಹೂಂ" ಅಂದುಬಿಟ್ಟೆ. ಅಂದ ಮೇಲೆ ತೊಳೆಯಲೇಬೇಕು. ನಲ್ಲಿ ನೀರು ಇನ್ನೂ ತಣ್ಣಗಿತ್ತು. ವಾಪಸು ಬಂದಾಗ ಬೆರಳು ಥೇಟ್ ಸೀಮೆಸುಣ್ಣ. ಅಮ್ಮ ಸೆರಗಿನಿಂದ ಉಜ್ಜಿದಳು, ಹೋಗಲಿಲ್ಲ.

"ಅಣ್ಣಂಗೆ ದೇವ್ರು ಬಂದೈತೆ ಕಣಮ್ಮ" ಎಂದು ತಂಗಿ ನಕ್ಕಳು.

ಅಮ್ಮ ನಗದೆ ಬೆರಳನ್ನು ಅಂಗೈಯೊಳಗೆ ಮುಚ್ಚಿ ಹಿಡಿದಳು. ಅವಳ ಕೈಯ ಬಿಸಿಗೆ ಬೆರಳು ನೀಲಿಯಾಗಿ, ಆಮೇಲೆ ಕೆಂಪಾಗಿ, ಖಾರದಪುಡಿ ಸವರಿದಂತೆ ಉರಿಯತೊಡಗಿದವು.

ಮಾರನೆಯ ದಿನ ಡಾಕ್ಟರು ಉಗುರು ಒತ್ತಿ ನೋಡಿದರು. "ಚಳಿಗೆ ಬೆರಳಿನ ರಕ್ತನಾಳ ಬಿಗಿದುಕೊಳ್ಳುತ್ತೆ. ಕೆಲವರಿಗೆ ಸುಮ್ನೇ ಬರುತ್ತೆ, ಬೀಡಿ ಸೇದೋರಿಗೆ ಜಾಸ್ತಿ. ನಿಂಗೆ ಆ ಮಿಷನ್ ನಡುಕದಿಂದ ಬಂದಿದೆ. ಅದನ್ನ ಬಿಡ್ಬೇಕಪ್ಪ."

"ಬುಟ್ಬುಡು ಮಗಾ" ಎಂದಳು ಅಮ್ಮ.

ಅಪ್ಪ ಕೇಳಿಯೇ ಕೇಳಿದರು, ಆದರೆ ಬಹಳ ಮೆಲ್ಲಗೆ: "ಮತ್ತೆ ಸ್ಕೂಲಿಗೋಗ್ತೀಯೇನೋ?"

ಹೋಗಬೇಕೆಂದು ಒಳಗೆ ಎಷ್ಟು ಆಸೆಯಿತ್ತು. ಬಾಯಿಂದ ಬಂದದ್ದು ಮಾತ್ರ, "ಇಲ್ಲ. ನಾಳೆ ಗೇಟು ಕೊಡ್ಬೇಕು."

ಈಗ ಕಡಕೊಳದಲ್ಲಿ ನನ್ನದೇ ಶೆಡ್ಡಿದೆ. ಗ್ರೈಂಡರ್ ಮೂರು, ಕೆಲಸದವರು ನಾಲ್ವರು, ಒಬ್ಬರೂ ಸ್ಕೂಲಿಗೆ ಹೋಗುವ ವಯಸ್ಸಿನ ಹುಡುಗರಲ್ಲ. ಮನೆಯಲ್ಲಿ ಮಗಳು ಒಬ್ಬಳು. ಅಪ್ಪ ಇಲ್ಲ, ಅಷ್ಟು ಮೆಲ್ಲಗೆ ನನ್ನನ್ನು ಏನನ್ನಾದರೂ ಕೇಳುವವರೂ ಇಲ್ಲ. ಬೆರಳು ಹತ್ತೂ ಇವೆ. ಅವರೆಕಾಳು ಹಿದುಕುವುದು ಏಳು.